ಟಚ್‌ಅಪ್ ಪೇಂಟ್ ಉಬ್ಬಿ ನಿಂತಿದೆ, ತೆಗೆಯೋದು ಹೇಗೆ?

ಪ್ರಶ್ನೆ: ಕಾರಿನ ಬಾನೆಟ್‌ಗೆ ಕಲ್ಲು ಸಿಡಿದು ಗುಂಡುಸೂಜಿ ತಲೆಯಷ್ಟು ಬಣ್ಣ ಕಿತ್ತುಹೋಗಿತ್ತು. ಅಲ್ಲಿಗೆ ಟಚ್‌ಅಪ್ ಪೇಂಟನ್ನು (ಇಂಥ ಸಣ್ಣ ಗಾಯಕ್ಕೆ ಹಚ್ಚುವ ಬಣ್ಣ) ಬಾಟಲಿ ಜೊತೆ ಬಂದ ಬ್ರಷ್‌ನಲ್ಲೇ ಹಚ್ಚಿದೆ. ಈಗ ಮೇಣದ ಹನಿ ಬಿದ್ದ ಹಾಗೆ ಕಾಣುತ್ತಿದೆ. ಮೊದಲಿನ ಗಾಯವೇ ವಾಸಿಯಿತ್ತು! ಹತ್ತು ದಿನ ಆಯ್ತು. ಥಿನ್ನರ್ ಹಾಕಿ ಒರೆಸಲಾ?

ಉತ್ತರ 1: ಬೇಡ. ನಾನು ಬಟ್ಟೆ ತೋಯಿಸಿ ಉಜ್ಜಿದ್ದೆ. ಉಬ್ಬು ಹೋಯ್ತು, ಜೊತೆಗೆ ಸುತ್ತಲಿನ ಹೊಳಪೂ ಹೋಯ್ತು.

ಉತ್ತರ 2: ಹಸಿ ಇದ್ದಾಗಲೇ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಶುರು ಮಾಡಬಹುದಿತ್ತು. ಈಗ ಗಟ್ಟಿಯಾಗಿದೆ, ಹಾಗಾಗಿ ಉಜ್ಜುವುದೇ ದಾರಿ.

ಪೆನ್ಸಿಲ್ ಹಿಂದಿನ ರಬ್ಬರ್‌ಗೆ 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಪುಟ್ಟ ತುಂಡು ಅಂಟಿಸಿ. ಉಬ್ಬಿನ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ. ಸೋಪು ನೀರು ಬಿಡುತ್ತಾ ನಾಲ್ಕೈದು ಸಲ ಹಗುರವಾಗಿ ಉಜ್ಜಿ, ಒರೆಸಿ ನೋಡಿ. ಈ ಒರೆಸಿ ನೋಡುವುದನ್ನು ಮಾತ್ರ ಬಿಡಬೇಡಿ. ನೀರಿದ್ದಾಗ ಎಲ್ಲವೂ ಸಮವಾಗೇ ಕಾಣುತ್ತದೆ. ಜಾಸ್ತಿ ಉಜ್ಜಬೇಡಿ, ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ಬರೆಯುವ ಹಾಳೆಯ ಅರ್ಧ ದಪ್ಪ ಅಷ್ಟೇ. ಉಬ್ಬು ಬಹುತೇಕ ಇಳಿದ ಮೇಲೆ ಟೇಪ್ ತೆಗೆದು ಇನ್ನೂ ನಯವಾದ 3000 ನಂಬರಿನ ಪೇಪರ್ ಹಿಡಿಯಿರಿ. ಜಾಗ ಮಬ್ಬಾಗುತ್ತದೆ, ಗಾಬರಿ ಬೇಡ. ರಬ್ಬಿಂಗ್ ಕಾಂಪೌಂಡ್ (ಸಣ್ಣ ಗೀರು ಅಳಿಸುವ ಪೇಸ್ಟ್), ಆಮೇಲೆ ಪಾಲಿಶ್ ಹಾಕಿದರೆ ಹೊಳಪು ಬರುತ್ತದೆ. ಬಾನೆಟ್ ಅಂಚಿನ ಹತ್ತಿರ ಇದ್ದರೆ ಸುಮ್ನೆ ಬಿಟ್ಟುಬಿಡಿ. ಅಲ್ಲಿ ಬಣ್ಣ ಬೇಗ ಸವೆಯುತ್ತದೆ.

ಕೇಳಿದವರು: ನಡು ಬಾನೆಟ್‌ನಲ್ಲೇ ಇದೆ. ಮಾಡಿದೆ. ಎರಡು ಗಂಟೆ ಹಿಡಿಯಿತು. ಬೆರಳಾಡಿಸಿದರೆ ಏನೂ ತಡೆಯುವುದಿಲ್ಲ, ಆದರೆ ಬಣ್ಣ ಒಂದು ಚೂರು ಕಪ್ಪು ಜಾಸ್ತಿ, ಅಷ್ಟೇ.