ರೂಮ್‌ಮೇಟ್ ಕುಡಿತ ಜಾಸ್ತಿ ಆಗಿದೆ, ಕಾಲೇಜಿಗೆ ಹೇಳ್ಬೇಕಾ ಬೇಡ್ವಾ?

ಮೂರನೇ_ಸೆಮ್:
ಹಾಸ್ಟೆಲ್ ರೂಮ್‌ಮೇಟ್ ಬಗ್ಗೆ ಕೇಳ್ತಿದೀನಿ. ಹುಡುಗ ಒಳ್ಳೆಯವನೇ, ಓದೋದ್ರಲ್ಲಿ ನಮ್ಮೆಲ್ರಿಗಿಂತ ಮುಂದಿದ್ದ. ಮೊದ್ಲು ಯಾರದ್ದಾದ್ರೂ ಬರ್ತ್‌ಡೇ ಇದ್ರೆ ಮಾತ್ರ ಕುಡೀತಿದ್ದ, ಈಗ ವಾರದ ಮಧ್ಯದಲ್ಲೂ ಶುರು, ಬೆಳಗ್ಗೆ ಲ್ಯಾಬ್‌ಗೆ ಏಳಲ್ಲ, ಬಾಟಲಿ ಕಬೋರ್ಡಲ್ಲಿ ಬಟ್ಟೆ ಕೆಳಗೆ ಇಡ್ತಾನೆ, ಆಮೇಲೆ ಪ್ರಾಕ್ಸಿ ಹಾಕು, ಅಂದ್ರೆ ಅವನ ಬದ್ಲು ನಾನೇ ಅಟೆಂಡೆನ್ಸ್ ಹೇಳು ಅಂತ ನಂಗೇ ಗಂಟು ಬೀಳ್ತಾನೆ. ಮೊನ್ನೆ ರಾತ್ರಿ ವಾಂತಿ ಮಾಡ್ಕೊಂಡು ಅಂಗಾತ ಬಿದ್ದಿದ್ದ, ಎಷ್ಟು ಅಲ್ಲಾಡಿಸಿದ್ರೂ ಸರಿಯಾಗಿ ಕಣ್ಣು ಬಿಡ್ಲಿಲ್ಲ, ಪಕ್ಕದ ರೂಮಿನವನು ಮತ್ತೆ ನಾನು ಕೂತೇ ಬೆಳಗು ಮಾಡಿದ್ವಿ. ವಾರ್ಡನ್‌ಗೆ ಹೇಳಿದ್ರೆ ಹಾಸ್ಟೆಲ್‌ನಿಂದ ತೆಗೀತಾರೆ, ಮನೆಗೆ ಫೋನ್ ಹೋಗುತ್ತೆ. ಹೇಳದೆ ಇದ್ದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಏನ್ ಮಾಡೋದು ಹೇಳಿ.

ಲಾಸ್ಟ್‌ಬೆಂಚ್:
ಗುರು ಚಾಡಿ ಹೇಳೋ ಕೆಲ್ಸ ಮಾತ್ರ ಮಾಡ್ಬೇಡ. ಕಾಲೇಜಲ್ಲಿ ಯಾರ್ ಕುಡಿಯಲ್ಲ? ಅವನ್ ದುಡ್ಡು ಅವನ್ ಲಿವರ್. ಒಂದ್ಸಲ ಹೇಳಿದೆ ಅಂತ ಗೊತ್ತಾದ್ರೆ ಉಳಿದ ವರ್ಷ ಪೂರ್ತಿ ಮೆಸ್ಸಲ್ಲಿ ಒಬ್ನೇ ಕೂತ್ಕೋಬೇಕಾಗುತ್ತೆ ನೋಡು. ಬೇಕಾದ್ರೆ ರೂಮ್ ಚೇಂಜ್ ಕೇಳು.

ನರ್ಸಿಂಗ್_ಫೈನಲ್:
ಮೇಲಿನವ್ರೆ, ಎಬ್ಬಿಸಿದ್ರೂ ಏಳದೆ ಬಿದ್ದಿದ್ದ ಅಂತ ಬರೆದಿದ್ದಾರೆ ಅದನ್ನ ಓದಿದ್ರಾ? ಆ ರಾತ್ರಿ ಏನೂ ಆಗ್ಲಿಲ್ಲ ಅನ್ನೋದು ಅದೃಷ್ಟ ಅಷ್ಟೇ. ಅಂಥ ಹೊತ್ತಲ್ಲಿ ವಾರ್ಡನ್‌ಗೆ ಹೇಳ್ಲಾ ಬೇಡ್ವಾ ಅನ್ನೋ ಪ್ರಶ್ನೆನೇ ಬರಲ್ಲ, ಮೊದ್ಲು ಆಂಬುಲೆನ್ಸ್. ಅಲ್ಲಾಡಿಸಿದ್ರೂ ಎಚ್ಚರ ಆಗದಿದ್ರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ ಇದ್ರೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಜಾಸ್ತಿ ಗ್ಯಾಪ್ ಬಂದ್ರೆ, ತುಟಿ ಉಗುರು ನೀಲಿ ಆದ್ರೆ, ಮೈ ತಣ್ಣಗಾದ್ರೆ, ಫಿಟ್ಸ್ ಬಂದ್ರೆ, ಇದ್ರಲ್ಲಿ ಒಂದೇ ಒಂದಿದ್ರೂ ಸಾಕು ಕಾಯ್ಬಾರ್ದು. ಮಲಗಿದ್ರೆ ಇಳಿಯುತ್ತೆ ಬಿಡು ಅಂತಾರಲ್ಲ, ಅದು ದೊಡ್ಡ ತಪ್ಪು, ಕುಡಿಯೋದು ನಿಲ್ಲಿಸಿದ ಮೇಲೂ ಹೊಟ್ಟೆಲಿರೋದು ರಕ್ತಕ್ಕೆ ಸೇರ್ತಾನೇ ಇರುತ್ತೆ. ಕಾಫಿ, ತಣ್ಣೀರು ಸ್ನಾನ ಯಾವ್ದೂ ಕೆಲ್ಸ ಮಾಡಲ್ಲ, ಲಿವರ್ ತನ್ನ ಸ್ಪೀಡಲ್ಲೇ ಇಳಿಸೋದು. ಆಂಬುಲೆನ್ಸ್ ಬರೋ ತನಕ ಅಂಗಾತ ಬಿಡ್ಬೇಡಿ, ಮಗ್ಗುಲಿಗೆ ಹೊರಳಿಸಿ ಮೇಲಿನ ಮಂಡಿ ಮಡಚಿ ಮುಂದಕ್ಕೆ ಇಡಿ, ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ಕೆಳಗಡೆಗೆ, ವಾಂತಿ ಬಂದ್ರೆ ಉಸಿರುನಾಳಕ್ಕೆ ಹೋಗ್ಬಾರ್ದು. ಒಬ್ನೇ ಬಿಟ್ಟು ಹೋಗ್ಬೇಡಿ.

ಇನ್ನೊಂದು, ಅವನು ದಿನಾ ಜಾಸ್ತಿ ಕುಡಿಯೋ ಹಂತಕ್ಕೆ ಹೋಗಿದ್ರೆ ನೀವೇ ಬಾಟಲಿ ಕಸ್ಕೊಂಡು ಇವತ್ತಿಂದ ಬಂದ್ ಅಂತ ರೂಮಲ್ಲಿ ಕೂರಿಸೋ ಹೀರೋಗಿರಿ ಬೇಡ. ಅಂಥವ್ರು ಏಕಾಏಕಿ ನಿಲ್ಲಿಸಿದ್ರೆ ಒಂದೆರಡು ದಿನದಲ್ಲಿ ಕೈ ನಡುಕ, ಕೆಲವ್ರಿಗೆ ಫಿಟ್ಸೂ ಬರುತ್ತೆ. ಡಾಕ್ಟರ್ ನೋಡಿನೇ ಬಿಡಿಸ್ಬೇಕು.

ಹಾಸ್ಟೆಲ್_ನೋಡಿಕೊಂಡವನು:
ಕೆಲವು ವರ್ಷ ವಾರ್ಡನ್ ಕೆಲಸ ಮಾಡಿದ್ದೀನಿ, ಆ ಕಡೆಯಿಂದ ಹೇಳ್ತೀನಿ. ಕಾಲೇಜಿಗೆ ಹೇಳೋದು ಅಂದ್ರೆ ಎರಡು ಬಾಗಿಲಿದೆ. ಬರವಣಿಗೆಲಿ ಕಂಪ್ಲೇಂಟ್ ಕೊಟ್ರೆ ಅದು ಡಿಸಿಪ್ಲಿನ್ ಕಮಿಟಿ ಕಡೆ ಹೋಗುತ್ತೆ, ಒಂದ್ಸಲ ಫೈಲ್ ಆಯ್ತು ಅಂದ್ರೆ ವಾರ್ಡನ್‌ಗೆ ಮನಸ್ಸಿದ್ರೂ ಕೈ ಕಟ್ಟಿದ ಹಾಗೆ. ಕೌನ್ಸೆಲರ್ ಅಥವಾ ಕಾಲೇಜ್ ಡಾಕ್ಟರ್ ಹತ್ರ ಹೋದ್ರೆ ಅದು ಆರೋಗ್ಯದ ವಿಷಯ. ನೀವು ಎರಡನೇದಕ್ಕೆ ಹೋಗಿ. ಮೊದಲು ಹೆಸರು ಹೇಳದೇನೇ ಕೇಳಿ, ಹೀಗೊಬ್ಬ ಇದ್ದಾನೆ, ಹೇಳಿದ್ರೆ ನೀವೇನು ಮಾಡ್ತೀರಿ, ಯಾರ್ಯಾರಿಗೆ ಗೊತ್ತಾಗುತ್ತೆ ಅಂತ. ಉತ್ತರ ಕೇಳಿ ಆಮೇಲೆ ಹೆಸರು ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ಹೇಳುವಾಗ ಅವನು ಕುಡುಕ ಅನ್ಬೇಡಿ, ಕಣ್ಣಾರೆ ಕಂಡದ್ದು ಹೇಳಿ, ಯಾವ ರಾತ್ರಿ ಏನಾಯ್ತು ಅಂತ. ವಿಡಿಯೋ ಮಾಡೋದು, ಗ್ರೂಪಲ್ಲಿ ಹಾಕೋದು ಖಂಡಿತ ಬೇಡ (ನನ್ನ ಕಾಲದಲ್ಲಿ ಅರ್ಧ ಜಗಳ ಆ ವಿಡಿಯೋಗಳಿಂದಾನೇ). ಕುಡಿದು ಯಾರಿಗಾದ್ರೂ ಹೊಡೆಯೋದು, ಹುಡುಗಿಯರಿಗೆ ತೊಂದ್ರೆ ಕೊಡೋದು, ಗಾಡಿ ಓಡಿಸೋದು ಇದ್ರೆ ಮಾತ್ರ ನಾನು ಹೇಳಿದ್ದೆಲ್ಲ ಮರೆತು ನೇರ ವಾರ್ಡನ್ ಹತ್ರ ಹೋಗಿ.

ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಮೆಡಿಕಲ್ ಆಮ್ನೆಸ್ಟಿ ಅಂತ ರೂಲ್ ಇದೆ, ಕಾರ್ನೆಲ್ ಯೂನಿವರ್ಸಿಟಿ 2002ರಲ್ಲೇ ತಂದಿತ್ತು. ಕುಡಿದು ಪ್ರಜ್ಞೆ ತಪ್ಪಿದವನಿಗೆ ಸಹಾಯ ಕೇಳಿ ಫೋನ್ ಮಾಡಿದವರ ಮೇಲೂ, ಆ ಹುಡುಗನ ಮೇಲೂ ಮಾಮೂಲಿ ಶಿಸ್ತು ಕ್ರಮ ಇಲ್ಲ. ಶಿಕ್ಷೆ ಭಯಕ್ಕೆ ಫೋನ್ ಮಾಡದೆ ಕೂರೋರು ಇರ್ತಾರೆ ಅಂತಾನೇ ಅದು. ನಿಮ್ಮ ಕಾಲೇಜ್ ರೂಲ್ ಬುಕ್‌ನಲ್ಲಿ ಅಂಥದ್ದೇನಾದ್ರೂ ಇದೆಯಾ ನೋಡಿ.

ಮೂರನೇ_ಸೆಮ್:
ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ನರ್ಸಿಂಗ್. ಆದ್ರೆ ರೂಮಲ್ಲಿ ಇರೋದೇ ಇಬ್ರು, ನಾನೇ ಹೇಳಿದ್ದು ಅಂತ ಅವನಿಗೆ ಗೊತ್ತಾಗೇ ಆಗುತ್ತಲ್ಲ?

ನರ್ಸಿಂಗ್_ಫೈನಲ್:
ಆಗುತ್ತೆ. ಅದಕ್ಕೇ ಮೊದ್ಲು ಅವನಿಗೇ ಹೇಳ್ಬಿಡಿ, ಕುಡಿದಾಗ ಅಲ್ಲ, ತಿಳಿಯಾಗಿರೋ ಹೊತ್ತಲ್ಲಿ, ಇನ್ಯಾರೂ ಇಲ್ಲದಾಗ. ಮೊನ್ನೆ ನಂಗೆ ಭಯ ಆಯ್ತು, ಇನ್ನೊಂದ್ಸಲ ಹಂಗಾದ್ರೆ ನಿನ್ನ ಕೇಳಲ್ಲ ಫೋನ್ ಮಾಡ್ತೀನಿ, ಅಷ್ಟರೊಳಗೆ ಕೌನ್ಸೆಲರ್ ಹತ್ರ ಬರ್ತೀಯಾ ಅಂದ್ರೆ ಜೊತೆಗೆ ಬರ್ತೀನಿ, ಇಷ್ಟೇ ಸಾಕು. ಲೆಕ್ಚರ್ ಬೇಡ. ಪ್ರಾಕ್ಸಿ ಇವತ್ತೇ ನಿಲ್ಲಿಸಿ, ಅಟೆಂಡೆನ್ಸ್ ಬಿದ್ರೆ ಕಾಲೇಜೇ ಅವನನ್ನ ಕರೆದು ಕೇಳುತ್ತೆ.

ಲಾಸ್ಟ್‌ಬೆಂಚ್:
ಪ್ರಾಕ್ಸಿ ನಿಲ್ಸಿದ್ರೆ ಚಾಡಿಗಿಂತ ಜಾಸ್ತಿ ಉರ್ಕೋತಾನೆ ನೋಡು 😂 ಆದ್ರೂ ಆ ವಾಂತಿ ವಿಷ್ಯ ನಾನು ಸರಿಯಾಗಿ ಓದಿರ್ಲಿಲ್ಲ, ಅದು ಬೇರೆನೇ.

ಮೂರನೇ_ಸೆಮ್:
ನಾಳೆ ಬೆಳಗ್ಗೆ ಮಾತಾಡ್ತೀನಿ. ನಮ್ ಕೌನ್ಸೆಲರ್ ವಾರಕ್ಕೆ ಒಂದೇ ದಿನ ಬರೋದು, ಇನ್ನೂ ನಾಲ್ಕು ದಿನ ಇದೆ.

ಹಾಸ್ಟೆಲ್_ನೋಡಿಕೊಂಡವನು:
ಅಲ್ಲಿ ತನಕ ಕಾಯ್ಬೇಡಿ, ನಿಮ್ಮ ಡಿಪಾರ್ಟ್‌ಮೆಂಟಲ್ಲಿ ನೀವು ನಂಬೋ ಲೆಕ್ಚರರ್ ಒಬ್ಬರ ಹತ್ರ ನಾಳೆನೇ ಹೋಗಿ. ಆಂಬುಲೆನ್ಸ್ ನಂಬರ್ ಪಕ್ಕದ ರೂಮಿನವನ ಫೋನಲ್ಲೂ ಸೇವ್ ಮಾಡ್ಸಿ.