ಸಹಾಯ ಬೇಕು: ಗೀಸರ್ ಹಾಕಿದರೆ ನಲ್ಲಿಯಲ್ಲಿ ಶಾಕ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಒಂದು ವಾರದಿಂದ ಗೀಸರ್ ಹಾಕಿದಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಟೆಸ್ಟರ್ ಇಟ್ಟರೆ ಉರಿಯುತ್ತದೆ. ನಿನ್ನೆ ಅಮ್ಮನಿಗೆ ಜೋರಾಗಿಯೇ ಹೊಡೆಯಿತು. ಅವರಿಗೆ 71 ವರ್ಷ, ನನಗೆ ಕೈಕಾಲೇ ಆಡಲಿಲ್ಲ. ಈಗ ಗೀಸರ್ ಬಂದ್ ಮಾಡಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದೇವೆ.

ಎಂಸಿಬಿ (ತಾನಾಗಿಯೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಇದೆ. ಆದರೆ ಅದು ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವುದು. ಇಷ್ಟು ಸಣ್ಣ ಕರೆಂಟ್ ಸೋರಿಕೆಗೆ ಬೀಳಲ್ಲ ಅಲ್ವಾ? ಬಂದ ಎಲೆಕ್ಟ್ರಿಷಿಯನ್ ಅರ್ಥಿಂಗ್ ಗುಂಡಿಗೆ ನೀರು ಹಾಕಿ ಅಂದು ಹೋದರು. ಮಳೆಗಾಲದಲ್ಲಿ ಗುಂಡಿ ಒಣಗಿರಲಾರದು, ನನಗೆ ಸಮಾಧಾನವಿಲ್ಲ.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸಣ್ಣ ಕರೆಂಟ್ ಸೋರಿಕೆಗೂ ಬೀಳುವ ಸ್ವಿಚ್) ಹಾಕಿಸಬೇಕು ಅಂದುಕೊಂಡಿದ್ದೇನೆ. ಹಳೇ ವೈರಿಂಗ್‌ಗೆ ಹಾಕಿಸಿದವರು ಇದ್ದೀರಾ? ಸುಮ್ನೆ ಸುಮ್ನೆ ಬೀಳುತ್ತಾ? ಅರ್ಥಿಂಗ್ ಅಳೆದು ನೋಡುವವರು ನಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.