ರೇಸ್ ಸುದ್ದಿಗಳ ಹೆಡ್ಡಿಂಗ್ ಎಷ್ಟು ನಂಬಬಹುದು?

ಜೀಪ್_ಗ್ಯಾರೇಜ್_ಪೊನ್ನಂಪೇಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೊನ್ನಂಪೇಟೆ ಹತ್ತಿರ ನನ್ನದೊಂದು ಗ್ಯಾರೇಜ್ ಇದೆ, ತೋಟದ ಜೀಪುಗಳೇ ಹೆಚ್ಚು ಬರೋದು. ನಮ್ಮ ಕಡೆ ರ‍್ಯಾಲಿ ನಡೆದಾಗಲೆಲ್ಲ ದಾರಿಯಲ್ಲಿ ಸುರಕ್ಷತೆ ನೋಡಿಕೊಳ್ಳೋ ಮಾರ್ಷಲ್ ಆಗಿ ನಿಲ್ಲುತ್ತೀನಿ. ಒಂದು ವಿಷಯ ಬಹಳ ದಿನದಿಂದ ಕೊರೀತಾ ಇದೆ, ಅದಕ್ಕೇ ಇಲ್ಲಿ ಹಾಕ್ತಾ ಇದ್ದೀನಿ.

ಹೋದ ಸಲದ ರ‍್ಯಾಲಿಯಲ್ಲಿ ನನ್ನ ಪೋಸ್ಟ್ ಇದ್ದದ್ದು ಕಾಫಿ ತೋಟದ ಒಳಗಿನ ಒಂದು ಎಡ ತಿರುವಿನಲ್ಲಿ. ಹಿಂದಿನ ರಾತ್ರಿ ಮಳೆ ಬಿದ್ದು ಕೆಂಪು ಮಣ್ಣು ಸಾರಿಸಿದ ನೆಲದ ಹಾಗೆ ನುಣುಪಾಗಿತ್ತು. ಒಂದು ಕಾರು ತಿರುವು ದಾಟುವಾಗ ಹಿಂಭಾಗ ಜಾರಿ ಸಿಲ್ವರ್ ಓಕ್ ಮರಕ್ಕೆ ತಾಗಿತು, ಒಂದು ಪಲ್ಟಿ ಹೊಡೆದು ಚರಂಡಿಯಲ್ಲಿ ನಿಂತಿತು. ನಾನು ಓಡಿ ಹೋಗುವಷ್ಟರಲ್ಲಿ ಇಬ್ಬರೂ ಬೆಲ್ಟ್ ಬಿಚ್ಚಿ ಹೊರಗೆ ಬಂದಿದ್ದರು. ನ್ಯಾವಿಗೇಟರ್ ಹುಡುಗ ಮಾಡಿದ ಮೊದಲ ಕೆಲಸ, ನಮಗೇನೂ ಆಗಿಲ್ಲ ಅನ್ನೋ ಓಕೆ ಬೋರ್ಡ್ ಹಿಡಿದು ರಸ್ತೆ ಬದಿಗೆ ಬಂದು ಹಿಂದಿನ ಕಾರಿಗೆ ತೋರಿಸಿದ್ದು. ಡ್ರೈವರ್ ಕೆಂಪು ತ್ರಿಕೋನ ಹಿಡಿದು ತಿರುವಿನ ಹಿಂದಕ್ಕೆ ಓಡಿದ. ಸ್ಟೇಜ್, ಅಂದರೆ ಆ ಹಂತದ ಓಟ, ನಿಲ್ಲಲೇ ಇಲ್ಲ. ರೋಲ್ ಕೇಜ್, ಹೆಲ್ಮೆಟ್, ಬೆಲ್ಟ್ ಎಲ್ಲವೂ ತಮ್ಮ ಕೆಲಸ ಮಾಡಿದ್ದವು.

ಸಂಜೆ ಸರ್ವೀಸ್ ಪಾರ್ಕಿನಲ್ಲಿ ಫೋನ್ ತೆಗೆದರೆ ಒಂದು ವೆಬ್ ಚಾನೆಲ್‌ನಲ್ಲಿ "ಕೊಡಗು ರ‍್ಯಾಲಿಯಲ್ಲಿ ಭೀಕರ ಅಪಘಾತ: ಚಾಲಕನ ಸ್ಥಿತಿ ಏನಾಯ್ತು?" ಅಂತ ಹಾಕಿದ್ದಾರೆ. ಅದೇ ಚಾಲಕ ನನ್ನ ಪಕ್ಕದಲ್ಲೇ ಕಾರಿನ ಅಡಿ ಮಲಗಿ ಹುಡುಗರ ಜೊತೆ ಹಿಂದಿನ ಆಕ್ಸಲ್ ಬಿಚ್ಚುತ್ತಾ ಇದ್ದ. ಅಷ್ಟರಲ್ಲಿ ಅವನ ಅಮ್ಮನ ಫೋನ್ ಬಂತು. ಆ ಕಡೆಯಿಂದ ಅಳು ನನಗೂ ಕೇಳಿಸಿತು. "ಅಮ್ಮಾ, ನಾನೇ ಮಾತಾಡ್ತಾ ಇರೋದು, ನಾನೇ" ಅಂತ ಅವನು ಎಷ್ಟೋ ಸಲ ಹೇಳಬೇಕಾಯಿತು. ಆ ಸುದ್ದಿಯನ್ನು ಪೂರ್ತಿ ಓದಿ ನೋಡಿದೆ. ಕೊನೇ ಸಾಲಲ್ಲಿ "ಇಬ್ಬರೂ ಸುರಕ್ಷಿತವಾಗಿದ್ದಾರೆ" ಅಂತಿದೆ. ಅಂದರೆ ಬರೆದವರಿಗೆ ಗೊತ್ತಿತ್ತು!

ವಿರಾಜಪೇಟೆಯಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ, ನೆದರ್ಲೆಂಡ್ಸ್‌ನ ಫಾರ್ಮುಲಾ ವನ್ ಚಾಲಕ ಮ್ಯಾಕ್ಸ್ ವರ್ಸ್ಟಾಪನ್ ಅಂದರೆ ಪ್ರಾಣ. "ಅಣ್ಣ, ಫಾರ್ಮುಲಾ ವನ್‌ನಲ್ಲೂ ಇದೇ ಕಥೆ, ಬ್ರಿಟಿಷ್ ಪತ್ರಿಕೆಯವರೆಲ್ಲ ಮ್ಯಾಕ್ಸ್‌ಗೆ ವಿರೋಧ" ಅಂತಾನೆ. ನನಗೆ ಅಷ್ಟು ಸುಲಭವಾಗಿ ಒಪ್ಪೋಕೆ ಆಗಲ್ಲ. ಈ ಹೆಡ್ಡಿಂಗ್‌ಗಳನ್ನು ಬರೆಯೋರು ಯಾರು? ನಡೆದದ್ದು ಏನು ಅಂತ ತಿಳಿಯೋಕೆ ನಮ್ಮಂಥವರು ಎಲ್ಲಿ ನೋಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಡೆಸ್ಕ್_ಮಡಿಕೇರಿ ಉತ್ತರ:

ಅಣ್ಣ, ನಾನು ಮಡಿಕೇರಿಯವಳು. ಬೆಂಗಳೂರಿನ ಒಂದು ಕನ್ನಡ ಪತ್ರಿಕೆಯ ಕ್ರೀಡಾ ಡೆಸ್ಕ್‌ನಲ್ಲಿ ಕೆಲವು ವರ್ಷ ಕೂತವಳು. ನೀವು ಬರೆದದ್ದು ಓದಿ ಹೊಟ್ಟೆ ಉರಿಯಿತು. ಆ ಹೆಡ್ಡಿಂಗ್‌ನಲ್ಲಿ ಹುಡುಕಿದರೂ ಒಂದು ಸುಳ್ಳು ಸಿಗುವುದಿಲ್ಲ. ಅಪಘಾತ ಆದದ್ದು ಹೌದು, ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಯಾರೂ ಕೇಸ್ ಹಾಕಲಾರರು. ಗೊತ್ತಿದ್ದ ಉತ್ತರವನ್ನು ಕೊನೆಗೆ ತಳ್ಳಿ ತಾಯಿಯೊಬ್ಬಳನ್ನು ಅಳಿಸಿದರಲ್ಲ, ತಪ್ಪು ಇರುವುದು ಅಲ್ಲಿ.

ವರದಿ ಬರೆದವರು ಸಾಮಾನ್ಯವಾಗಿ ಹೆಡ್ಡಿಂಗ್ ಕೊಡುವುದಿಲ್ಲ. ಮುದ್ರಣದಲ್ಲಿ ಉಪಸಂಪಾದಕರು ಕೊಡುತ್ತಾರೆ, ಕಾಲಂ ಅಗಲ ನೋಡಿಕೊಂಡು. ಎರಡು ಕಾಲಂ ಸುದ್ದಿ ಅಂದರೆ ನಾಲ್ಕೈದು ಪದ ಹಿಡಿಸುತ್ತದೆ. "ಆದರೆ", "ಬಹುಶಃ", "ಅಭ್ಯಾಸದಲ್ಲಿ" ಇಂಥವು ಮೊದಲು ಹೊರಗೆ ಹೋಗುತ್ತವೆ. ವೆಬ್‌ನಲ್ಲಿ ಜಾಗಕ್ಕೆ ಕೊರತೆ ಇಲ್ಲ, ಅಲ್ಲಿ ಕ್ಲಿಕ್ಕಿನ ಲೆಕ್ಕ. ಎಷ್ಟೋ ಕಡೆ ಒಂದೇ ಸುದ್ದಿಗೆ ಎರಡು ಹೆಡ್ಡಿಂಗ್ ಬಿಟ್ಟು ಹೆಚ್ಚು ಜನ ಒತ್ತಿದ್ದನ್ನೇ ಉಳಿಸಿಕೊಳ್ಳುತ್ತಾರೆ.

ಫಾರ್ಮುಲಾ ವನ್‌ನ ಶುಕ್ರವಾರದ ಅಭ್ಯಾಸದ ಸುದ್ದಿ ನೋಡಿ. "ಫೆರಾರಿ ಅತಿವೇಗ" ಎಂದು ಬರುತ್ತದೆ. ಯಾರು ಎಷ್ಟು ಪೆಟ್ರೋಲ್ ತುಂಬಿಕೊಂಡು, ಯಾವ ಟೈರ್‌ನಲ್ಲಿ, ಎಂಜಿನ್ ಎಷ್ಟು ತಿರುಗಿಸಿ ಓಡಿಸಿದರು ಎಂಬುದನ್ನು ತಂಡಗಳು ಹೊರಗೆ ಬಿಡುವುದಿಲ್ಲ. ಹಾಗಿರುವಾಗ ಆ ಹೆಡ್ಡಿಂಗ್‌ನಿಂದ ಓದುಗನಿಗೆ ಏನು ತಿಳಿಯಿತು? ಶನಿವಾರ ಹೊರಡುವ ಸ್ಥಾನ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಅದೇ ಕಾರು ಹಿಂದೆ ಬಿದ್ದರೆ "ಫೆರಾರಿಗೆ ಆಘಾತ" ಎಂದು ಇನ್ನೊಂದು. ತಂಡದ ರೇಡಿಯೊ ಮಾತಿಗೂ ಇದೇ ಗತಿ. ಮುನ್ನೂರು ಕಿಲೋಮೀಟರ್ ವೇಗದಲ್ಲಿ ಕೂತವನು ಸಿಟ್ಟಲ್ಲಿ ಆಡಿದ ಅರ್ಧ ವಾಕ್ಯವನ್ನು ಕತ್ತರಿಸಿ "ತಂಡದ ವಿರುದ್ಧ ಸಿಡಿದೆದ್ದ" ಎಂದು ಹಾಕುತ್ತಾರೆ. ಇಟಲಿಯಲ್ಲಿ ಬಂದದ್ದು ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮ್ಮ ಡೆಸ್ಕಿಗೆ ಬರುವ ಹೊತ್ತಿಗೆ ಮೊದಲು ಹೇಳಿದವನೇ ಗುರುತು ಹಿಡಿಯಲಾರ.

ಎಲ್ಲಿ ನೋಡಬೇಕು ಎಂದು ಕೇಳಿದಿರಿ. ಫಾರ್ಮುಲಾ ವನ್‌ನ ಪ್ರತಿ ರೇಸ್‌ನ ಸ್ಟೀವರ್ಡ್‌ಗಳ, ಅಂದರೆ ತೀರ್ಪುಗಾರರ, ತೀರ್ಪನ್ನು ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ತನ್ನ ವೆಬ್‌ಸೈಟ್‌ನಲ್ಲೇ ಹಾಕುತ್ತದೆ, ದುಡ್ಡು ಕೊಡಬೇಕಿಲ್ಲ. ಹೆಚ್ಚಾಗಿ ಒಂದೇ ಪುಟ: ಕಾರಿನ ನಂಬರ್, ನಡೆದ ಸಂಗತಿ, ಮುರಿದ ನಿಯಮ, ತೀರ್ಮಾನ, ಕಾರಣ. 2021ರ ಜುಲೈ 18ರಂದು ಸಿಲ್ವರ್‌ಸ್ಟೋನ್‌ನ ಮೊದಲ ಲ್ಯಾಪಿನಲ್ಲಿ ಬ್ರಿಟನ್ನಿನ ಹ್ಯಾಮಿಲ್ಟನ್, ವರ್ಸ್ಟಾಪನ್ ಡಿಕ್ಕಿ ಹೊಡೆದುಕೊಂಡರಲ್ಲ, ಅದರ ತೀರ್ಪು ಓದಿ. ಹೆಚ್ಚಿನ ಪಾಲು ತಪ್ಪು 44ನೇ ಕಾರಿನದ್ದು, ಅಂದರೆ ಹ್ಯಾಮಿಲ್ಟನ್‌ನದ್ದು, ಎಂದಿದ್ದಾರೆ, ಪೂರ್ತಿ ತಪ್ಪು ಎಂದಿಲ್ಲ. ದಂಡ 10 ಸೆಕೆಂಡ್. ವರ್ಸ್ಟಾಪನ್ 51 ಜಿ (ಗುರುತ್ವದ 51 ಪಟ್ಟು) ಹೊಡೆತ ತಿಂದು ಆಸ್ಪತ್ರೆಗೆ ಹೋದ, ಹ್ಯಾಮಿಲ್ಟನ್ ದಂಡ ಕಟ್ಟಿಯೂ ಗೆದ್ದ. ಇದರಲ್ಲಿ ಒಂದು ತುಂಡನ್ನು ಲಂಡನ್ ಎತ್ತಿಕೊಂಡಿತು, ಇನ್ನೊಂದನ್ನು ನೆದರ್ಲೆಂಡ್ಸ್. ಎರಡನ್ನೂ ಜೋಡಿಸಿ ಓದುವ ಕೆಲಸ ಓದುಗನ ಮೇಲೆ ಬಿತ್ತು.

ಕುಶಾಲನಗರ_44 ಉತ್ತರ:

ಅಕ್ಕ ಹೇಳಿದ್ದು ಸರಿ. ಆದರೆ ವಿರಾಜಪೇಟೆ ಹುಡುಗನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನಾನು ಹ್ಯಾಮಿಲ್ಟನ್ ಕಡೆಯವನು, ಆದರೂ ಹೇಳ್ತೀನಿ. 2022ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸ್ಕೈ ವಾಹಿನಿಯ ವರದಿಗಾರರೊಬ್ಬರು, 2021ರ ಕೊನೇ ರೇಸ್ ನಡೆದ ಅಬುಧಾಬಿಯಲ್ಲಿ ಹ್ಯಾಮಿಲ್ಟನ್‌ನಿಂದ ಚಾಂಪಿಯನ್‌ಶಿಪ್ ದೋಚಲಾಯಿತು ಎಂಬ ಅರ್ಥದಲ್ಲಿ ಮಾತಾಡಿದರು. ಮುಂದಿನ ಮೆಕ್ಸಿಕೊ ರೇಸ್‌ನಲ್ಲಿ ಮ್ಯಾಕ್ಸ್‌ನ ತಂಡ ರೆಡ್ ಬುಲ್‌ನವರು ಆ ವಾಹಿನಿಗೆ ಸಂದರ್ಶನವನ್ನೇ ಕೊಡಲಿಲ್ಲ. ಅಬುಧಾಬಿ ಬಗ್ಗೆ ಎಫ್‌ಐಎ ವರದಿ ಅದೇ ವರ್ಷ ಮಾರ್ಚ್‌ನಲ್ಲೇ ಬಂದಿತ್ತು. ಸೇಫ್ಟಿ ಕಾರ್ (ಅಪಾಯ ಇದ್ದಾಗ ಎಲ್ಲರ ವೇಗ ತಗ್ಗಿಸೋ ಕಾರು) ವಿಷಯದಲ್ಲಿ ಮನುಷ್ಯಸಹಜ ತಪ್ಪಾಗಿದೆ, ರೇಸ್ ಡೈರೆಕ್ಟರ್ ಒಳ್ಳೆಯ ಉದ್ದೇಶದಿಂದಲೇ ನಡೆದುಕೊಂಡರು, ಫಲಿತಾಂಶ ಬದಲಾಗದು ಅಂತ ಮೂರನ್ನೂ ಅದರಲ್ಲಿ ಹೇಳಿದ್ದಾರೆ. ನಮ್ಮವರು ಮೊದಲನೆಯದನ್ನು ಮಾತ್ರ ಎತ್ತಿಕೊಂಡರು, ಅವರ ಕಡೆಯವರು ಉಳಿದ ಎರಡನ್ನು.

ಅದೇ ಅಕ್ಟೋಬರ್‌ನಲ್ಲಿ ತಂಡಗಳಿಗೆ ಹಾಕಿರೋ ವರ್ಷದ ಖರ್ಚಿನ ಮಿತಿಯನ್ನು ರೆಡ್ ಬುಲ್ ಮೀರಿದ ಸುದ್ದಿ ನೋಡಿ. ಎಫ್‌ಐಎ ಒಂದೇ ದಾಖಲೆಯಲ್ಲಿ ಎರಡು ಅಂಕಿ ಕೊಟ್ಟಿತು: ಮೀರಿದ್ದು 1.6 ಶೇಕಡಾ, ತೆರಿಗೆ ರಿಯಾಯಿತಿಯನ್ನು ಸರಿಯಾಗಿ ಲೆಕ್ಕ ಹಾಕಿದ್ದರೆ 0.37 ಶೇಕಡಾ. 70 ಲಕ್ಷ ಡಾಲರ್ ದಂಡ, ಗಾಳಿಸುರಂಗ ಪರೀಕ್ಷೆಯಲ್ಲಿ 10 ಶೇಕಡಾ ಕಡಿತ. ವಿರೋಧಿಗಳ ಹೆಡ್ಡಿಂಗ್‌ನಲ್ಲಿ 1.6, ಅಭಿಮಾನಿಗಳ ಹೆಡ್ಡಿಂಗ್‌ನಲ್ಲಿ 0.37. ಎರಡೂ ನಿಜ, ಎರಡೂ ಮೋಸ!

ಬ್ರಿಟಿಷರೆಲ್ಲ ಒಂದಾಗಿದ್ದಾರೆ ಅನ್ನೋದು ಮಾತ್ರ ನನಗೆ ಒಪ್ಪಿಗೆ ಇಲ್ಲ. ರೆಡ್ ಬುಲ್ ಕಾರ್ಖಾನೆ ಇರೋದೇ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ. ಮರ್ಸಿಡಿಸ್ ಬ್ರ್ಯಾಕ್ಲಿಯಲ್ಲಿ, ಮೆಕ್ಲಾರೆನ್ ವೋಕಿಂಗ್‌ನಲ್ಲಿ. ವರದಿಗಾರರೂ ಅದೇ ಸುತ್ತಮುತ್ತ ಇರೋರು, ದಿನಾ ಅವರನ್ನೇ ನೋಡೋರು, ನಾಳೆಯೂ ಅವರಿಂದಲೇ ಸುದ್ದಿ ಬೇಕು. ಪಕ್ಷಪಾತ ಹುಟ್ಟೋದು ಹೆಚ್ಚಾಗಿ ಈ ಸಲುಗೆಯಿಂದ, ದೇಶಾಭಿಮಾನದಿಂದ ಅಷ್ಟಲ್ಲ ಅಂತ ನನ್ನ ಅನಿಸಿಕೆ. ಹಾಗಂತ ಮ್ಯಾಕ್ಸ್‌ಗೆ ನೋವಾಗಿಲ್ಲ ಅಂತಲ್ಲ. 2024ರ ಬ್ರೆಜಿಲ್ ರೇಸ್‌ನಲ್ಲಿ 17ನೇ ಸ್ಥಾನದಿಂದ ಹೊರಟು ಗೆದ್ದ ಮೇಲೆ ಪತ್ರಿಕಾಗೋಷ್ಠಿಯಲ್ಲಿ ಕೂತು, ಬ್ರಿಟಿಷ್ ಪತ್ರಕರ್ತರು ಯಾರೂ ಕಾಣ್ತಾ ಇಲ್ಲವಲ್ಲ ಅಂತ ಕೇಳಿದ್ದ.

ಸಿದ್ದಾಪುರ_ತೋಟ ಉತ್ತರ:

ಮಕ್ಕಳೇ, ಒಂದು ಹಳೆಯ ಉದಾಹರಣೆ ಹೇಳುತ್ತೇನೆ. ಇದು ನಮ್ಮವರದ್ದೇ.

2005ರಲ್ಲಿ ನರೇನ್ ಕಾರ್ತಿಕೇಯನ್ ಜೋರ್ಡಾನ್ ತಂಡ ಸೇರಿ ಫಾರ್ಮುಲಾ ವನ್‌ಗೆ ಬಂದಾಗ ಮೊದಲ ಭಾರತೀಯ ಎಂದು ನಾವೆಲ್ಲ ಎದೆಯುಬ್ಬಿಸಿದ್ದೆವು. ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಅವರಿಗೆ ನಾಲ್ಕನೇ ಸ್ಥಾನ, 5 ಅಂಕ. ಆದರೆ ಅವತ್ತು ನಿಜವಾಗಿ ಓಡಿದ್ದು ಆರೇ ಕಾರು. ಆ ಟ್ರ್ಯಾಕಿನ ಒಳಬದಿಗೆ ವಾಲಿದ ತಿರುವಿನ ವೇಗವನ್ನು ಮಿಶೆಲಿನ್ ಟೈರುಗಳು ತಾಳವು ಎಂದಾಗಿ, ಆ ಟೈರಿನ 14 ಕಾರುಗಳು ರೇಸ್ ಶುರುವಿಗೆ ಮೊದಲಿನ ಫಾರ್ಮೇಶನ್ ಲ್ಯಾಪ್ ಮುಗಿಸಿ ಪಿಟ್‌ಗೆ ಹೋಗಿಬಿಟ್ಟವು. ಉಳಿದದ್ದು ಬ್ರಿಡ್ಜ್‌ಸ್ಟೋನ್ ಟೈರಿನ ಫೆರಾರಿ, ಜೋರ್ಡಾನ್, ಮಿನಾರ್ಡಿ, ತಲಾ ಎರಡು ಕಾರು. ನರೇನ್‌ಗಿಂತ ಮುಂದೆ ಇಬ್ಬರು ಫೆರಾರಿಯವರು ಮತ್ತು ಅವರದೇ ತಂಡದ ಜೊತೆಗಾರ.

"ನರೇನ್‌ಗೆ ನಾಲ್ಕನೇ ಸ್ಥಾನ" ಎಂದು ಇಷ್ಟನ್ನೇ ಓದಿದ ಹುಡುಗನಿಗೆ ಏನು ಅರ್ಥವಾಗುತ್ತದೆ? ನನಗೆ ನರೇನ್ ಮೇಲೆ ಇವತ್ತಿಗೂ ಗೌರವ. ಅವರು ಆ ಕಾರಿನಲ್ಲಿ ಕೂರುವವರೆಗೆ ಬಂದದ್ದೇ ದೊಡ್ಡದು. ಆರು ಕಾರಿನ ಮಾತನ್ನು ಮರೆಮಾಡಿದರೆ ಆ ಗೌರವ ಹೆಚ್ಚಾಗುವುದಿಲ್ಲ, ನಾಳೆ ಗೊತ್ತಾದಾಗ ಅವರ ಮೇಲೇ ಅನುಮಾನ ಬರುತ್ತದೆ. ನಾವು ಬಯಸುವ ಸುದ್ದಿಯೇ ಆಗಿರಲಿ, ಎಷ್ಟು ಜನ ಓಡಿದರು, ಯಾವ ವಿಭಾಗ ಎಂದು ಕೇಳಿ. ನಮ್ಮ ರ‍್ಯಾಲಿಗಳಲ್ಲೂ "ಕೊಡಗಿನ ಯುವಕ ಪ್ರಥಮ" ಎಂದು ಬರುತ್ತದೆ. ಕ್ಲಾಸ್‌ನಲ್ಲಿ ಪ್ರಥಮವೋ, ಓವರಾಲ್ ಪ್ರಥಮವೋ ಬರೆಯುವುದಿಲ್ಲ.

ಜೀಪ್_ಗ್ಯಾರೇಜ್_ಪೊನ್ನಂಪೇಟೆ:

ಎಲ್ಲರಿಗೂ ಧನ್ಯವಾದ. ಡೆಸ್ಕ್‌ನ ಅಕ್ಕ, ಇನ್ನೊಂದು ಪ್ರಶ್ನೆ. ಮುಂದಿನ ರ‍್ಯಾಲಿಯಲ್ಲಿ ಇಂಥದ್ದು ಆಗದ ಹಾಗೆ ನಾವು ಮಾರ್ಷಲ್‌ಗಳು ಏನು ಮಾಡಬಹುದು? ಜಗಳ ಆಡಿ ಪ್ರಯೋಜನ ಇಲ್ಲ ಅನ್ನಿಸ್ತು.

ಡೆಸ್ಕ್_ಮಡಿಕೇರಿ ಉತ್ತರ:

ಬಹಳ ಮಾಡಬಹುದು ಅಣ್ಣ. ಸುದ್ದಿ ಸಿಗದ ಹೊತ್ತಿನಲ್ಲೇ ಕೆಟ್ಟ ಹೆಡ್ಡಿಂಗ್ ಹುಟ್ಟುವುದು. ತೋಟದೊಳಗೆ ನೆಟ್‌ವರ್ಕ್ ಇರುವುದಿಲ್ಲ, ವರದಿಗಾರರ ಕೈಗೆ ಸಿಗುವುದು ಯಾರೋ ಕಳಿಸಿದ ಪಲ್ಟಿಯ ವಿಡಿಯೊ ಒಂದೇ. ಮಾರ್ಷಲ್ ವೈರ್‌ಲೆಸ್‌ನಲ್ಲಿ ಕೊಟ್ಟ ಮಾಹಿತಿ ಕಂಟ್ರೋಲ್ ರೂಮಿನಲ್ಲಿ ಇರುತ್ತದೆ, ಆದರೆ ಅಲ್ಲೇ ಉಳಿದುಬಿಡುತ್ತದೆ. ಓಟದ ಮುಖ್ಯ ಅಧಿಕಾರಿಯಾದ ಕ್ಲರ್ಕ್ ಆಫ್ ದಿ ಕೋರ್ಸ್ ಒಪ್ಪಿಗೆ ತೆಗೆದುಕೊಂಡು, ಅರ್ಧ ಗಂಟೆಯೊಳಗೆ ಕನ್ನಡದಲ್ಲೇ ಪತ್ರಕರ್ತರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವ ವ್ಯವಸ್ಥೆ ಮಾಡಿ. ಅದಕ್ಕೂ ಮೊದಲು ಮನೆಯವರಿಗೆ ಫೋನ್ ಹೋಗಿರಲಿ.

ಹೆಸರು ಬೇಡ, ವಿಶೇಷಣ ಬೇಡ. ಡೆಸ್ಕ್‌ನಲ್ಲಿ ಕೂತವರು ನೇರ ಎತ್ತಿ ಹಾಕಿಕೊಳ್ಳುವಂತೆ ಇರಲಿ. ಒಂದು ನಮೂನೆ ಟೈಪ್ ಮಾಡಿದ್ದೇನೆ, ಬಿಟ್ಟ ಜಾಗ ತುಂಬಿಕೊಳ್ಳಿ:

"___ನೇ ಸ್ಟೇಜ್‌ನಲ್ಲಿ ___ ನಂಬರ್ ಕಾರು ಬೆಳಿಗ್ಗೆ/ಮಧ್ಯಾಹ್ನ ___ ಗಂಟೆಗೆ ಪಲ್ಟಿಯಾಗಿದೆ. ಚಾಲಕ ಮತ್ತು ನ್ಯಾವಿಗೇಟರ್ ಇಬ್ಬರೂ ತಾವಾಗಿ ಹೊರಬಂದಿದ್ದಾರೆ, ವೈದ್ಯರು ಪರೀಕ್ಷಿಸಿದ್ದಾರೆ, ಗಾಯಗಳಿಲ್ಲ. ಪ್ರೇಕ್ಷಕರಿಗೆ ಏನೂ ಆಗಿಲ್ಲ. ಸ್ಟೇಜ್ ಮುಂದುವರಿದಿದೆ."

ಗಾಯ ಆಗಿದ್ದರೆ ಆಗಿದೆ ಎಂದೇ ಬರೆಯಿರಿ, ಯಾವ ಆಸ್ಪತ್ರೆಗೆ ಕಳಿಸಿದ್ದೀರಿ ಎಂಬುದೂ ಇರಲಿ. ಒಂದು ಸಲ ಮುಚ್ಚಿಟ್ಟರೆ ಮುಂದಿನ ಸಲ ನೀವು "ಸುರಕ್ಷಿತ" ಎಂದರೂ ಯಾವ ಡೆಸ್ಕೂ ನಂಬುವುದಿಲ್ಲ.